ದ್ರಾಕ್ಷಿ ಸೀಮೆಯ ಗರಸಿನ ದಾರಿಯಲ್ಲಿ ಸೈಕಲ್ ಸವಾರಿ: ಬರುವವರಿಗೆ ತಿಳಿದಿರಬೇಕಾದ ಮಾಹಿತಿ



ಕಳೆದ ಎರಡು ಹಂಗಾಮಿನಿಂದ ಪುಣೆ, ಬೆಂಗಳೂರು, ಸೊಲ್ಲಾಪುರದಲ್ಲಿರುವ ನಮ್ಮೂರ ಮನೆತನಗಳ ಮಕ್ಕಳು ದೀಪಾವಳಿಗೋ ಸಂಕ್ರಾಂತಿಗೋ ಸೋನ್ಯಾಳಕ್ಕೆ ಬರುವಾಗ ಕಾರಿನ ಹಿಂದೆ ಸೈಕಲ್ ಕಟ್ಟಿಕೊಂಡು ಬರುತ್ತಿದ್ದಾರೆ. ಡಾಂಬರು ರಸ್ತೆ ಬೇಡ, ಹೊಲದ ದಾರಿ ತೋರಿಸಿ ಎನ್ನುತ್ತಾರೆ. ಮೊದಲು ನಮಗೆ ನಗು ಬಂತು. ಡಾಂಬರು ಬರಲೆಂದು ನಾವು ನಲವತ್ತು ವರ್ಷ ಅರ್ಜಿ ಬರೆದವರು. ಗುಮಾಸ್ತನಾಗಿ ಆ ಅರ್ಜಿಗಳಲ್ಲಿ ಕೆಲವಕ್ಕೆ ನಾನೇ ಜಾವಕ ನಂಬರ್ ಹಾಕಿದ್ದೇನೆ. ಈಗ ಮೊಮ್ಮಕ್ಕಳು ಕಚ್ಚಾ ದಾರಿಯನ್ನೇ ಹುಡುಕಿಕೊಂಡು ಬರುತ್ತಾರೆ. ಇರಲಿ. ಕೇಳಿದವರಿಗೆಲ್ಲ ಫೋನಿನಲ್ಲಿ ಅದೇ ಮಾತು ಹೇಳಿ ಸಾಕಾಗಿ, ಒಂದು ಕಡೆ ಬರೆದಿಟ್ಟರೆ ಅನುಕೂಲವೆಂದು ಕಾರ್ಯಕಾರಿ ಸಮಿತಿ ನಿರ್ಧರಿಸಿದ್ದರಿಂದ ಈ ಲೇಖನ. ಬರೆಯಲು ಇನ್ನೊಂದು ಕಾರಣವೂ ಇದೆ, ಅದನ್ನು ಮುಂದೆ ಹೇಳುತ್ತೇನೆ.

ಇದು ಎಂಥ ಸೈಕಲ್

ಇದಕ್ಕೆ ಗ್ರಾವೆಲ್ ಬೈಕ್ ಎನ್ನುತ್ತಾರೆ. ಗ್ರಾವೆಲ್ ಅಂದರೆ ನಮ್ಮ ಗರಸು, ಮರಾಠಿಯಲ್ಲಿ ಮುರುಮ. ಹ್ಯಾಂಡಲ್ ರೇಸ್ ಸೈಕಲ್ಲಿನಂತೆ ಟಗರಿನ ಕೊಂಬಿನ ಹಾಗೆ ಕೆಳಗೆ ಬಾಗಿರುತ್ತದೆ, ಟೈರು ಮಾತ್ರ ದಪ್ಪ. ರೇಸ್ ಸೈಕಲ್ಲಿನ ಟೈರು 25ರಿಂದ 28 ಮಿ.ಮೀ. ಅಗಲವಿದ್ದರೆ ಇದರದ್ದು 38ರಿಂದ 50 ಮಿ.ಮೀ. ಡಿಸ್ಕ್ ಬ್ರೇಕು, ಏರು ಹತ್ತಲು ಹಗುರ ಗೇರು, ತೂಕ ಒಂಬತ್ತು ಹತ್ತು ಕಿಲೋ. ಬೆಲೆ ಲಕ್ಷ ರೂಪಾಯಿ ದಾಟಿದ್ದೂ ಇವೆ.

ಇಲ್ಲಿ ಒಂದು ಮಾತು ಹೇಳದೆ ಇರಲಾರೆ. ನಮ್ಮ ಅಪ್ಪಂದಿರು ತುಳಿದ ಕರಿ ಸೈಕಲ್ಲಿನ ಟೈರಿನ ಮೇಲೆ 28 × 1½ ಎಂದು ಬರೆದಿರುತ್ತಿತ್ತು. ಒಂದೂವರೆ ಇಂಚು ಅಂದರೆ 38 ಮಿ.ಮೀ. ಹಾಗಾಗಿ ಇಂದಿನ ಗ್ರಾವೆಲ್ ಟೈರಿನ ಅಗಲವೂ ಆ ಹಳೆಯ ಟೈರಿನ ಅಗಲವೂ ಹೆಚ್ಚುಕಡಿಮೆ ಒಂದೇ. ಎರಡು ಚೀಲ ಜೋಳ, ಹಿಂದೆ ಒಬ್ಬ, ಮುಂದೆ ದಂಡಿಯ ಮೇಲೆ ಒಂದು ಕೂಸು, ಇಷ್ಟನ್ನು ಹೊತ್ತು ಅದು ಇದೇ ಗರಸಿನ ಮೇಲೆ ಮಾಡಗ್ಯಾಳದ ಸಂತೆಗೆ ಹೋಗಿ ಬರುತ್ತಿತ್ತು. ಗೇರು ಒಂದೇ, ತೂಕ ಇಪ್ಪತ್ತು ಕಿಲೋ ಮೇಲೆ. ಏರು ಬಂದಲ್ಲಿ ಇಳಿದು ನೂಕುವುದು, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇರಲಿಲ್ಲ. ಅಂಥ ಸೈಕಲ್ ತಯಾರಿಸುತ್ತಿದ್ದ ಅಟ್ಲಾಸ್ ಕಂಪನಿ 1951ರಲ್ಲಿ ಸೋನಿಪತ್‌ನಲ್ಲಿ ಶುರುವಾಗಿ, ಸಾಹಿಬಾಬಾದಿನ ಕೊನೆಯ ಕಾರ್ಖಾನೆಯ ಕೆಲಸ ನಿಲ್ಲಿಸಿದ್ದು 2020ರ ಜೂನ್ 3ರಂದು. ಆ ದಿನವೇ ವಿಶ್ವಸಂಸ್ಥೆಯ ವಿಶ್ವ ಸೈಕಲ್ ದಿನ. ಪೇಪರಿನಲ್ಲಿ ಓದಿದಾಗ ಹೊಟ್ಟೆಯಲ್ಲಿ ಕಸಿವಿಸಿಯಾಯಿತು.

ಹೊರಗಿನ ಲೋಕದಲ್ಲಿ ಈ ಹವ್ಯಾಸ ಬೆಳೆದದ್ದು ದ್ರಾಕ್ಷಿ ಸೀಮೆಗಳಲ್ಲಿಯೇ ಎಂದರೆ ಬಹಳ ತಪ್ಪಾಗದು. ಇಟಲಿಯ ಕಿಯಾಂತಿ ಎಂಬ ಗುಡ್ಡಗಾಡು ವೈನಿಗೆ ಹೆಸರಾದದ್ದು. ಅಲ್ಲಿಯ ತೋಟಗಳ ನಡುವಿನ ಬಿಳಿ ಮಣ್ಣಿನ ದಾರಿಗಳಿಗೆ ಡಾಂಬರು ಬಳಿಯಬಾರದು, ಅವು ಉಳಿಯಬೇಕು ಎಂಬ ಆಸೆಯಿಂದ 1997ರಲ್ಲಿ ಗಾಯೋಲೆ ಎಂಬ ಊರಿನಲ್ಲಿ ಹಳೆಯ ಸೈಕಲ್ಲುಗಳ ಸವಾರಿಯೊಂದು ಆರಂಭವಾಯಿತು. ಅದರ ಹೆಸರು ಲೆರೋಯಿಕಾ. ಅದೇ ಬಿಳಿ ದಾರಿಗಳ ಮೇಲೆ 2007ರಿಂದ ವೃತ್ತಿಪರರ ದೊಡ್ಡ ರೇಸ್ ನಡೆಯುತ್ತಿದೆ, ಸಿಯೆನಾ ಪಟ್ಟಣದ ಚೌಕದಲ್ಲಿ ಮುಗಿಯುತ್ತದೆ. ಅಮೆರಿಕದ ಕಾನ್ಸಾಸ್ ಹುಲ್ಲುಗಾವಲಿನಲ್ಲಿ 2006ರಿಂದ 200 ಮೈಲಿಯ ಗರಸಿನ ರೇಸ್ ಇದೆ. ಗ್ರಾವೆಲ್ ಸೈಕಲ್ಲಿನ ಮೊದಲ ವಿಶ್ವ ಚಾಂಪಿಯನ್‌ಷಿಪ್ 2022ರಲ್ಲಿ ಇಟಲಿಯ ವೆನೆಟೊದಲ್ಲಿ ನಡೆಯಿತು. ಅದೂ ವೈನ್ ದ್ರಾಕ್ಷಿಯ ಸೀಮೆಯೇ.

ನಮ್ಮದು ವೈನ್ ಸೀಮೆಯೇ?

ಹುಡುಗರು ಕೇಳುವ ಮೊದಲ ಪ್ರಶ್ನೆಯೇ ಇದು. ಉತ್ತರ: ಅಲ್ಲ, ನಮ್ಮದು ಒಣದ್ರಾಕ್ಷಿಯ ಸೀಮೆ. ಜತ್ತ, ತಾಸಗಾಂವ, ಕವಠೆ ಮಹಾಂಕಾಳ, ಗಡಿಯಾಚೆ ತಿಕೋಟಾ, ವಿಜಯಪುರ, ಅಥಣಿ, ಇಷ್ಟೂ ಒಂದೇ ಪಟ್ಟಿ. ರಾಜ್ಯ ಎರಡಾದರೂ ಬಳ್ಳಿ ಒಂದೇ ಜಾತಿಯದು. ಸಾಂಗಲಿ ಒಣದ್ರಾಕ್ಷಿಗೆ 2016ರಲ್ಲಿ ಭೌಗೋಳಿಕ ಮಾನ್ಯತೆಯೂ ಸಿಕ್ಕಿತು.

ವೈನಿನ ಪ್ರಯತ್ನ ಈ ಜಿಲ್ಲೆಯಲ್ಲಿ ಆಗಲಿಲ್ಲವೆಂದಲ್ಲ. ಮಹಾರಾಷ್ಟ್ರ ಸರಕಾರ 2001ರಲ್ಲಿ ದ್ರಾಕ್ಷಿ ಸಂಸ್ಕರಣಾ ನೀತಿ ತಂದು ನಾಸಿಕ ಜಿಲ್ಲೆಯ ವಿಂಚೂರಿನಲ್ಲಿ ಒಂದು, ನಮ್ಮ ಸಾಂಗಲಿ ಜಿಲ್ಲೆಯ ಪಲೂಸದಲ್ಲಿ ಇನ್ನೊಂದು ವೈನ್ ಪಾರ್ಕ್ ಮಾಡಿತು. ಕೆಲವು ರೈತರು ವೈನ್ ಬಳ್ಳಿ ಹಚ್ಚಿದರು. 2008–09ರ ಆರ್ಥಿಕ ಹಿನ್ನಡೆಯ ನಂತರ ಬೇಡಿಕೆ ಕುಸಿದು ರಾಜ್ಯದಲ್ಲಿ ಅನೇಕರು ಅದೇ ಬಳ್ಳಿ ಕಿತ್ತು ಹಾಕಬೇಕಾಯಿತು. ವೈನ್ ದ್ರಾಕ್ಷಿಯ ಕಷ್ಟ ಇದೇ. ಕಾಯಿ ಸಣ್ಣದು, ಸಿಪ್ಪೆ ದಪ್ಪ, ಒಳಗೆ ಬೀಜ. ಕಾರ್ಖಾನೆಯವನು ಒಯ್ಯದಿದ್ದರೆ ಅದನ್ನು ಸಂತೆಯಲ್ಲಿ ಮಾರಲಾಗದು, ಒಣಗಿಸಲೂ ಆಗದು. ನಮ್ಮ ಥಾಮ್ಸನ್, ತಾಸ್-ಎ-ಗಣೇಶ, ಸೋನಾಕಾಗಳಿಗೆ ಆ ಭಯವಿಲ್ಲ. ಹಣ್ಣಿಗೆ ದರ ಬರಲಿಲ್ಲವೋ, ಒಣಗಿಸಿ ಇಡಬಹುದು. ಈ ತಳಿಗಳಲ್ಲಿ ತಾಸ್-ಎ-ಗಣೇಶ ಹುಟ್ಟಿದ್ದು ತಾಸಗಾಂವ ತಾಲೂಕಿನಲ್ಲೇ, ಸೋನಾಕಾ ಸೊಲ್ಲಾಪುರದ ಬಳಿಯ ನಾನ್ನಜದಲ್ಲಿ. ಎರಡನ್ನೂ ಗುರುತಿಸಿ ಬೆಳೆಸಿದವರು ರೈತರೇ.

ನಿಜವಾದ ವೈನ್ ತೋಟಗಳ ನಡುವೆ ಸೈಕಲ್ ಹೊಡೆಯಬೇಕೆನ್ನುವವರಿಗೆ ಸೊಲ್ಲಾಪುರ ಜಿಲ್ಲೆಯ ಅಕಲೂಜ ಸೀಮೆ ಇದೆ, ಅಲ್ಲಿಯ ಫ್ರಾಟೆಲಿ ತೋಟಗಳು ಕಲ್ಲುಗುಡ್ಡದ ಇಳಿಜಾರಿನಲ್ಲಿವೆ. ಬೆಂಗಳೂರಿನವರಿಗೆ ನಂದಿಬೆಟ್ಟ ಹತ್ತಿರ. ದೊಡ್ಡಬಳ್ಳಾಪುರದಲ್ಲಿ 1988ರಲ್ಲಿ ಗ್ರೋವರ್ ತೋಟ ಶುರುವಾಯಿತು, ಬೆಟ್ಟದ ಬುಡದ ಹಳ್ಳಿಗಳಲ್ಲಿ ಬೆಂಗಳೂರು ಬ್ಲೂ ದ್ರಾಕ್ಷಿ ಅದಕ್ಕೂ ಮೊದಲಿನಿಂದ ಇದೆ. ಕರ್ನಾಟಕದ ವೈನ್ ನೀತಿ ಬಂದದ್ದು 2007ರಲ್ಲಿ. ಅದರಲ್ಲಿ ನಂದಿ ಕಣಿವೆ, ಕೃಷ್ಣಾ ಕಣಿವೆ ಎಂದು ಎರಡು ವಲಯ ಹೇಳಿದ್ದಾರೆ, ನಮ್ಮ ನೆರೆಯ ವಿಜಯಪುರ ಎರಡನೆಯದರಲ್ಲಿ ಬರುತ್ತದೆ. ಸಂಘದ ಸವಾರಿಯಲ್ಲಿ ಮಾತ್ರ ವೈನ್ ಇರುವುದಿಲ್ಲ. ದಾನಮ್ಮನ ಸೀಮೆ ಇದು, ಹಿರಿಯರು ಒಪ್ಪುವುದಿಲ್ಲ. ಹಂಗಾಮಿದ್ದರೆ ದ್ರಾಕ್ಷಿ ರಸ ಸಿಗುತ್ತದೆ.

ದಾರಿಯಲ್ಲಿ ಕಾಣುವ ಒಣದ್ರಾಕ್ಷಿ ಶೆಡ್ಡುಗಳು

ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಬಂದವರು ನೋಡಲೇಬೇಕಾದದ್ದು ಇದು. ಮಡ್ಡಿಯ ಮೇಲೆ, ಗಾಳಿ ಚೆನ್ನಾಗಿ ಆಡುವಲ್ಲಿ, ಹಸಿರು ಬಲೆ ಹೊದಿಸಿದ ಉದ್ದನೆಯ ಚಪ್ಪರಗಳು. ಒಳಗೆ ಒಂದರ ಮೇಲೊಂದು ಹತ್ತು ಹನ್ನೆರಡು ಅಂತಸ್ತಿನ ಬಲೆ. ಇದಕ್ಕೆ ರ‍್ಯಾಕ್ ಎನ್ನುತ್ತಾರೆ. ಕೊಯ್ದ ಗೊಂಚಲನ್ನು ಕ್ರೇಟಿನಲ್ಲಿ ತುಂಬಿ, ಪೊಟ್ಯಾಶಿಯಂ ಕಾರ್ಬೋನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದುತ್ತಾರೆ. ಲೀಟರ್ ನೀರಿಗೆ ಪುಡಿ 25 ಗ್ರಾಂ, ಎಣ್ಣೆ 15 ಮಿ.ಲೀ. ಸಾಮಾನ್ಯ ಲೆಕ್ಕ. ದ್ರಾಕ್ಷಿಯ ಮೇಲಿನ ಮೇಣದಂಥ ಪದರು ಇದರಿಂದ ಸಡಿಲವಾಗಿ ಒಳಗಿನ ನೀರು ಬೇಗ ಹೊರಬೀಳುತ್ತದೆ. ಅದ್ದದೆ ಹಾಗೇ ಬಿಸಿಲಿಗಿಟ್ಟರೆ ಮೂರು ವಾರ ಮೀರಿ ಬೇಕು, ಬಣ್ಣವೂ ಕಪ್ಪಾಗುತ್ತದೆ. ಅದ್ದಿ ನೆರಳಿನ ರ‍್ಯಾಕಿಗೆ ಹಾಕಿದರೆ ಹನ್ನೆರಡರಿಂದ ಹದಿನೈದು ದಿನಕ್ಕೆ ಹಸಿರುಬಣ್ಣದ ಒಣದ್ರಾಕ್ಷಿ ತಯಾರು. ಹಳದಿ ಬೇಕಾದವರು ಗಂಧಕದ ಹೊಗೆ ಕೊಡುತ್ತಾರೆ. ನಾಲ್ಕು ಕಿಲೋ ದ್ರಾಕ್ಷಿಗೆ ಒಂದು ಕಿಲೋ ಒಣದ್ರಾಕ್ಷಿ. ತೊಟ್ಟು ಬಿಡಿಸಿ, ತೊಳೆದು, ಆರಿಸಿ, 15 ಕಿಲೋದ ಪೆಟ್ಟಿಗೆ ತುಂಬಿ ಕೋಲ್ಡ್ ಸ್ಟೋರೇಜಿಗೆ, ಅಲ್ಲಿಂದ ತಾಸಗಾಂವ, ಸಾಂಗಲಿ ಇಲ್ಲವೆ ವಿಜಯಪುರದ ಲಿಲಾವಿಗೆ.

ಈ ಹದಿನೈದು ದಿನ ರೈತನ ಕಣ್ಣು ಆಕಾಶದ ಮೇಲೆ. ಮಾರ್ಚಿನಲ್ಲಿ ಒಂದು ಅಕಾಲ ಮಳೆ ಬಿದ್ದರೆ ರ‍್ಯಾಕಿನ ಮಾಲು ಕಪ್ಪಾಗಿ ದರ ಅರ್ಧಕ್ಕಿಳಿಯುತ್ತದೆ. ಆದ್ದರಿಂದ ಮೋಡ ಕಟ್ಟಿದ ದಿನ ಶೆಡ್ಡಿನ ಮುಂದೆ ಸೈಕಲ್ ನಿಲ್ಲಿಸಿ ಫೋಟೋ ತೆಗೆಯಲು ಹೋಗಬೇಡಿ. ಹೋದರೆ ತಾಡಪತ್ರಿಯ ಒಂದು ತುದಿ ಹಿಡಿಯಲು ಸಿದ್ಧರಾಗಿ ಹೋಗಿ. ಹಾಗೆ ಹಿಡಿದ ಇಬ್ಬರು ಹುಡುಗರಿಗೆ ಕಳೆದ ಹಂಗಾಮಿನಲ್ಲಿ ಒಬ್ಬ ರೈತರು ತಲಾ ಎರಡು ಕಿಲೋ ಕಟ್ಟಿಕೊಟ್ಟು, ಮಧ್ಯಾಹ್ನದ ಊಟವನ್ನೂ ಹಾಕಿ ಕಳಿಸಿದರು.

ದಾರಿ ಮತ್ತು ನೆಲ

ನಮ್ಮ ಕಡೆ ಗುಡ್ಡ ಎಂದರೆ ಮಲೆನಾಡಿನ ಗುಡ್ಡವಲ್ಲ. ಕಪ್ಪು ಶಿಲೆಯ ಬೋಳು ದಿಣ್ಣೆಗಳು, ಅವುಗಳ ನಡುವೆ ಹಳ್ಳ. ಮೇಲೆ ಮಡ್ಡಿ, ಕೆಳಗೆ ಎರಿ. ಏರು ಉದ್ದವಿರುವುದಿಲ್ಲ, ಆದರೆ ಒಂದು ಮುಗಿಯಿತೆನ್ನುವಾಗ ಇನ್ನೊಂದು ಬರುತ್ತದೆ. ದಿನದ ಕೊನೆಗೆ ತೊಡೆ ಲೆಕ್ಕ ಕೇಳುತ್ತದೆ. ದಿಣ್ಣೆಯ ಮೇಲಿನ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಎದುರಾದರೆ ಇಳಿಜಾರಿನಲ್ಲೂ ತುಳಿಯಬೇಕು.

ಮಡ್ಡಿಯ ಗರಸು ಸೈಕಲ್ಲಿಗೆ ಒಳ್ಳೆಯದು, ಮಳೆ ಬಿದ್ದ ಮರುದಿನವೇ ಗಟ್ಟಿಯಾಗುತ್ತದೆ. ಎರಿ ಹಾಗಲ್ಲ. ಒಣಗಿದಾಗ ಸಿಮೆಂಟಿನಂತೆ, ಹಸಿಯಾದಾಗ ಚಕ್ರಕ್ಕೆ ಹತ್ತಿ ಚಕ್ರ ತಿರುಗುವುದೇ ನಿಲ್ಲುತ್ತದೆ. ಆಗ ಹೆಗಲ ಮೇಲೆ ಹೊರುವುದೊಂದೇ ದಾರಿ, ಮತ್ತು ಹತ್ತು ಕಿಲೋದ ಸೈಕಲ್ ಮಣ್ಣು ಸೇರಿ ಹದಿನೈದಾಗಿರುತ್ತದೆ. ಈ ಎರಿಯ ಗುಣ ಡೋಣಿ ಸಾಲಿನವರಿಗೆ ಗೊತ್ತು. ಡೋಣಿ ಹುಟ್ಟುವುದು ನಮ್ಮ ಜತ್ತ ತಾಲೂಕಿನಲ್ಲಿ, ಹರಿದು ಹೆಸರಾದದ್ದು ವಿಜಯಪುರ ಜಿಲ್ಲೆಯಲ್ಲಿ. ‘ಡೋಣಿ ಬೆಳೆದರೆ ಓಣಿಯೆಲ್ಲ ಕಾಳು’ ಎನ್ನುವುದು ಅದೇ ಎರಿಯ ಮಾತು. ತಾಲೂಕಿನ ಇನ್ನೊಂದು ಹೊಳೆ ಬೋರ ಭೀಮೆಗೆ ಹೋಗುತ್ತದೆ, ಡೋಣಿ ಕೃಷ್ಣೆಗೆ. ಹೊಳೆಗಳೆರಡರಲ್ಲೂ ವರ್ಷದ ಹೆಚ್ಚು ದಿನ ನೀರಿಗಿಂತ ಉಸುಕು, ಜಾಲಿ ಹೆಚ್ಚು.

ಊರಿನಿಂದ ಹೊರಡುವವರು ಮೊದಲ ದಿನ ಮಾಡಗ್ಯಾಳದ ಕಡೆ ಹೋಗುವುದು ಒಳ್ಳೆಯದು. ಅದು ಗಿಣಿಮೂಗಿನ ಮಾಡಗ್ಯಾಳ ಕುರಿಯ ಸೀಮೆ. ಹಿಂಡು ಎದುರಾದರೆ ಗಂಟೆ ಬಾರಿಸದೆ ಇಳಿದು ನಿಲ್ಲಿ, ಕುರಿ ಬೆದರಿ ತೋಟಕ್ಕೆ ನುಗ್ಗಿದರೆ ಜಗಳ ಕುರುಬರಿಗೂ ತೋಟದವರಿಗೂ ಆಗುತ್ತದೆ, ನಿಮಗಲ್ಲ. ಎರಡನೆಯ ದಿನ ಗುಡ್ಡಾಪುರ. ಹನ್ನೆರಡನೆಯ ಶತಮಾನದ ಶರಣೆ ದಾನಮ್ಮ ಇದೇ ತಾಲೂಕಿನ ಉಮರಾಣಿಯಲ್ಲಿ ಹುಟ್ಟಿ ಗುಡ್ಡಾಪುರದಲ್ಲಿ ಐಕ್ಯವಾದಳೆಂದು ಪ್ರತೀತಿ. ಛಟ್ಟಿ ಅಮಾವಾಸ್ಯೆಯ ಜಾತ್ರೆಗೆ ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯಿಂದ ಜನ ಹಗಲು ರಾತ್ರಿ ನಡೆದು ಬರುತ್ತಾರೆ. ಆ ವಾರ ಆ ದಾರಿಯಲ್ಲಿ ಸೈಕಲ್ ಬೇಡ, ಹೋಗುವುದಿದ್ದರೆ ನಡೆದೇ ಹೋಗಿ. ಕಾಲು ಗಟ್ಟಿಯಿರುವವರು ಮೂರನೆಯ ದಿನ ಉಮದಿಗೆ ಹೋಗಿಬರಬಹುದು.

ಹೊಲದ ದಾರಿಗಳಿಗೆ ಇಲ್ಲಿ ಪಾಣಂದ ರಸ್ತೆ ಎನ್ನುತ್ತಾರೆ. ನಕಾಶೆಯಲ್ಲಿ ಇದ್ದರೂ ನೆಲದ ಮೇಲೆ ಇಲ್ಲದಿರುವುದು, ನಕಾಶೆಯಲ್ಲಿ ಇಲ್ಲದಿದ್ದರೂ ಎತ್ತಿನ ಬಂಡಿ ಹೋಗುತ್ತಿರುವುದು ಎರಡೂ ಉಂಟು. ಮೊಬೈಲ್ ನಕಾಶೆ ನಂಬಿ ಯಾರದೋ ತೋಟದ ಮಧ್ಯೆ ಹೋಗಿ ಸಿಕ್ಕವರಿದ್ದಾರೆ. ಬೇಲಿ ಇದ್ದರೆ, ಕೂಗಿ ಕೇಳಿ. ‘ಅಣ್ಣಾರ, ಈ ದಾರಿ ಹಾಯತದೇನ್ರಿ?’ ಎಂದರೆ ಕನ್ನಡದಲ್ಲೇ ಉತ್ತರ ಬರುತ್ತದೆ. ಬೋರ್ಡು ಮರಾಠಿಯಲ್ಲಿರುವುದನ್ನು ನೋಡಿ ಹಿಂದಿಯಲ್ಲಿ ಶುರು ಮಾಡಬೇಡಿ. ಬೆಂಗಳೂರಿನಲ್ಲಿ ಬೆಳೆದ ಒಬ್ಬ ಹುಡುಗಿ ಹಾಗೆ ಹಿಂದಿಯಲ್ಲಿ ಕೇಳಿದ್ದಕ್ಕೆ ತೋಟದ ಅಜ್ಜಿ, ‘ಯಾರ ಮಗಳವಾ ನೀ?’ ಎಂದು ಕೇಳಿದ್ದೂ, ಮಾತಾಡುತ್ತಾ ಇಬ್ಬರೂ ಬೀಗರ ಕಡೆಯಿಂದ ಸಂಬಂಧ ಎಂದು ತಿಳಿದದ್ದೂ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಗಡಿ ದಾಟಿದ್ದು ಹೆಚ್ಚಾಗಿ ತಿಳಿಯುವುದೇ ಇಲ್ಲ. ಕಿಲೋಮೀಟರ್ ಕಲ್ಲಿನ ಅಕ್ಷರ ಬದಲಾದಾಗ ತಿಳಿದರೆ ಉಂಟು.

ನೀರು, ಮತ್ತು ಕೃಷಿ ಹೊಂಡ

ಈಗ ಆ ಇನ್ನೊಂದು ಕಾರಣ.

ಜತ್ತ ಬರದ ತಾಲೂಕು. ಕೃಷ್ಣೆಯ ನೀರು ಮೇಲೆತ್ತುವ ಮಹೈಸಾಳ ಯೋಜನೆ ಇತ್ತ, ತುಬಚಿ–ಬಬಲೇಶ್ವರ ಯೋಜನೆ ಅತ್ತ. ಎರಡರ ನಡುವೆ ನೀರು ಮುಟ್ಟದ ಊರುಗಳ ರೈತರು ಬಳ್ಳಿ ಉಳಿಸಲು ಹೊಲದಲ್ಲೇ ದೊಡ್ಡ ಹೊಂಡ ತೋಡಿ, ಪ್ಲಾಸ್ಟಿಕ್ ಹಾಳೆ ಹೊದಿಸಿ, ಮಳೆಗಾಲದ ನೀರನ್ನು ಹಿಡಿದಿಡುತ್ತಾರೆ. ಮರಾಠಿಯಲ್ಲಿ ಶೇತತಳೆ, ನಾವು ತಳಿ ಎಂದೂ ಅನ್ನುತ್ತೇವೆ. ಮೇಲಿನಿಂದ ನೋಡಿದರೆ ನೀಲಿ, ತಂಪು, ಸ್ವಚ್ಛ. ಅಂಚಿನಿಂದಲೇ ಇಳಿಜಾರು, ಹಾಳೆಯ ಮೇಲೆ ತೆಳುವಾದ ಪಾಚಿ. ಒಮ್ಮೆ ಕಾಲು ಜಾರಿದರೆ ಹಿಡಿಯಲು ಏನೂ ಇಲ್ಲ. ಈಜು ಬಂದವನೂ ಮೇಲೆ ಹತ್ತಲಾರ.

ಸಂಘದ ಮೊದಲ ಸವಾರಿಯಲ್ಲಿ ಹನ್ನೊಂದು ಜನರಿದ್ದರು. ಬಿಸಿಲೇರಿತ್ತು. ಹದಿನಾರರ ಒಬ್ಬ ಹುಡುಗ ಟೋಪಿ ಒದ್ದೆ ಮಾಡಿಕೊಳ್ಳುತ್ತೇನೆಂದು ದಾರಿ ಬದಿಯ ಹೊಂಡದ ಅಂಚಿಗೆ ಬಗ್ಗಿದ. ಸೈಕಲ್ ಬೂಟಿನ ಕೆಳಗೆ ಲೋಹದ ತುಂಡು ಇರುತ್ತದೆ, ಹಾಳೆಯ ಮೇಲೆ ಅದು ಮಂಜುಗಡ್ಡೆಯ ಮೇಲೆ ಇಟ್ಟಂತೆ. ನಾನು ಹಿಂದೆ ಮೋಟಾರ್ ಸೈಕಲ್ಲಿನಲ್ಲಿ ಬಾಳೆಹಣ್ಣು, ನೀರಿನ ಕ್ಯಾನು ತರುತ್ತಿದ್ದೆ. ಬಂದು ಮುಟ್ಟುವಾಗ ಹುಡುಗ ನೀರಿನಲ್ಲಿ, ಉಳಿದವರು ಅಂಚಿನಲ್ಲಿ ನಿಂತು ಕೂಗುತ್ತಿದ್ದರು. ಇನ್ನೊಬ್ಬ ಇಳಿಯಲು ಅಂಗಿ ಬಿಚ್ಚುತ್ತಿದ್ದ, ಅವನನ್ನು ಹಿಡಿದು ನಿಲ್ಲಿಸಿದ್ದು ತೋಟದ ಹೆಣ್ಣುಮಗಳು. ಅವಳ ಗಂಡ ಔಷಧ ಹೊಡೆಯುವ ಪಂಪಿನ ಹೋಸ್ ಪೈಪ್ ಎಳೆದು ತಂದು ಎಸೆದ. ಮೂರನೆಯ ಸಲಕ್ಕೆ ಹುಡುಗನ ಕೈಗೆ ಸಿಕ್ಕಿತು. ನಾಲ್ಕು ಜನ ಎಳೆದೆವು. ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಅವನ ತಾಯಿಗೆ ನಾನೇ ಫೋನ್ ಮಾಡಿ ಹೇಳಿದೆ. ಅವರು ನನ್ನನ್ನು ಬೈಯಲಿಲ್ಲ, ಅದೇ ಕಷ್ಟವಾಯಿತು. ಹೊರಡುವ ಮೊದಲು ಹೆಸರು, ರಕ್ತದ ಗುಂಪು, ಮನೆಯ ನಂಬರ್ ಎಲ್ಲ ರಜಿಸ್ಟರಿನಲ್ಲಿ ಬರೆಸಿಕೊಂಡಿದ್ದೆ. ಹೊಂಡದ ಹತ್ತಿರ ಹೋಗಬೇಡಿ ಎಂಬ ಒಂದು ಮಾತು ಹೇಳಿರಲಿಲ್ಲ. ನಮಗೆ ದಿನಾ ಕಣ್ಣಿಗೆ ಬೀಳುವ ವಸ್ತು, ಹೇಳಬೇಕೆಂದು ಹೊಳೆದಿರಲಿಲ್ಲ.

ಆದ್ದರಿಂದ ಈಗ ಹೇಳುತ್ತಿದ್ದೇನೆ. ಹೊಂಡದ ಏರಿಯ ಮೇಲೆ ಸೈಕಲ್ ಹತ್ತಿಸಬಾರದು, ಕೈ ತೊಳೆಯಲೂ ಇಳಿಯಬಾರದು. ಯಾರಾದರೂ ಬಿದ್ದರೆ ಹಿಂದೆ ಹಾರಬಾರದು. ಹಗ್ಗ, ಪೈಪು, ಖಾಲಿ ಕ್ಯಾನು, ಸಿಕ್ಕಿದ್ದನ್ನು ಎಸೆಯಿರಿ. ಈಗ ನಮ್ಮ ಪ್ರತಿ ಸವಾರಿಯಲ್ಲೂ ಹಿಂದಿನ ಗಾಡಿಯಲ್ಲಿ 20 ಮೀಟರ್ ಹಗ್ಗ ಇರುತ್ತದೆ. ತೋಟದ ಯಜಮಾನರಿಗೂ ವಿನಂತಿ, ಗಂಟು ಹಾಕಿದ ಹಗ್ಗವನ್ನು ಹೊಂಡದ ನಾಲ್ಕೂ ಕಡೆ ಗೂಟಕ್ಕೆ ಕಟ್ಟಿ ನೀರಿನೊಳಗೆ ಇಳಿಬಿಡಿ. ಖರ್ಚು ದೊಡ್ಡದಲ್ಲ.

ಯಾವಾಗ ಬರಬೇಕು

ನವೆಂಬರ್ ಮಧ್ಯದಿಂದ ಫೆಬ್ರುವರಿಯವರೆಗೆ ಬೆಳಗಿನ ಚಳಿ ಹಿತವಾಗಿರುತ್ತದೆ, ಬಳ್ಳಿಯೂ ತುಂಬಿರುತ್ತದೆ. ನಮ್ಮಲ್ಲಿ ಬಳ್ಳಿಗೆ ವರ್ಷಕ್ಕೆ ಎರಡು ಛಾಟಣಿ. ಏಪ್ರಿಲ್ ಛಾಟಣಿ ಕಡ್ಡಿಗಾಗಿ, ಅಕ್ಟೋಬರ್ ಛಾಟಣಿ ಹಣ್ಣಿಗಾಗಿ. ಅಕ್ಟೋಬರ್ ಛಾಟಣಿಯಾದ ಮೇಲೆ ಕಣ್ಣು ಒಡೆಯಲೆಂದು ಕಡ್ಡಿಗೆ ಹೈಡ್ರೋಜನ್ ಸೈನಮೈಡ್ ಹಚ್ಚುತ್ತಾರೆ, ಇದಕ್ಕೆ ಪೇಸ್ಟ್ ಹಚ್ಚುವುದು ಎನ್ನುತ್ತಾರೆ. ಅದು ಮೈಗೆ ತಾಗಬಾರದು. ಹಚ್ಚಿದವರು ಮುಂದೆ ಕೆಲವು ದಿನ ಸಾರಾಯಿ, ಬಿಯರು, ವೈನು ಯಾವುದನ್ನೂ ಮುಟ್ಟುವಂತಿಲ್ಲ. ಮುಟ್ಟಿದರೆ ಮುಖ ಕೆಂಪೇರಿ, ಎದೆ ಡವಗುಟ್ಟಿ ಆಸ್ಪತ್ರೆ ಸೇರಬೇಕಾಗುತ್ತದೆ. ದ್ರಾಕ್ಷಿ ಬೆಳೆಯಲು ಹಚ್ಚುವ ಔಷಧಿಗೆ ದ್ರಾಕ್ಷಿಯ ಮದ್ಯವೇ ಆಗದು! ಅದಾದ ಮೇಲೆ ಡೌನಿ, ಭುರಿ ರೋಗಗಳಿಗೆ ಟ್ರ್ಯಾಕ್ಟರ್ ಬ್ಲೋವರಿನಿಂದ ಮತ್ತೆ ಮತ್ತೆ ಸಿಂಪಡಣೆ. ಬ್ಲೋವರ್ ಸದ್ದು ಕೇಳಿದರೆ ಗಾಳಿ ಬರುವ ಕಡೆ ನಿಂತುಕೊಳ್ಳಿ, ಮುಗಿದ ಮೇಲೆ ಮುಂದೆ ಹೋಗಿ. ಬಳ್ಳಿಯಿಂದ ನೀವೇ ಕಿತ್ತು ತಿನ್ನಬೇಡಿ, ಕಳ್ಳತನವೆಂದಷ್ಟೇ ಅಲ್ಲ, ನಿನ್ನೆ ಏನು ಹೊಡೆದಿದ್ದಾರೆಂದು ನಿಮಗೆ ತಿಳಿಯದು. ಕೇಳಿದರೆ ತಿನ್ನಲು ಯೋಗ್ಯವಾದದ್ದನ್ನು ಅವರೇ ಕೊಡುತ್ತಾರೆ.

ಏಪ್ರಿಲ್, ಮೇ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಬರುವುದಿದ್ದರೆ ಒಂಬತ್ತು ಗಂಟೆಯೊಳಗೆ ಮನೆ ಸೇರಬೇಕು.

ಪಂಕ್ಚರ್ ಬಗ್ಗೆ ಎರಡು ಮಾತು. ಜಾಲಿ ಮುಳ್ಳು ಉದ್ದ, ಕಾಣುತ್ತದೆ. ನೆಗ್ಗಿಲ ಮುಳ್ಳು ಕಾಣುವುದಿಲ್ಲ, ಮಳೆಗಾಲ ಮುಗಿದ ಮೇಲೆ ದಾರಿಯಂಚಿನಲ್ಲಿ ಉದುರಿ ಬಿದ್ದಿರುತ್ತದೆ, ಹೇಗೆ ಬಿದ್ದರೂ ಒಂದು ಮೊನೆ ಮೇಲೆ. ಟ್ಯೂಬ್‌ಲೆಸ್ ಟೈರಿನಲ್ಲಿ ಸೀಲಂಟ್ ಹಾಕಿಕೊಂಡು ಬಂದರೆ ಅರ್ಧ ಚಿಂತೆ ಇಲ್ಲ. ಟ್ಯೂಬ್ ಇದ್ದವರು ಎರಡು ಹೆಚ್ಚಿನ ಟ್ಯೂಬ್ ತನ್ನಿ. ನಮ್ಮ ಕಡೆಯ ಅಂಗಡಿಗಳಲ್ಲಿ ಹಳೆಯ ಅಳತೆಯದು ಸಿಗುತ್ತದೆ, ನಿಮ್ಮದು ಸಿಗುವುದಿಲ್ಲ. ಎಪ್ಪತ್ತು ಕಿಲೋ ತೂಕದವರಿಗೆ 40 ಮಿ.ಮೀ. ಟೈರಿನಲ್ಲಿ 35 ಪಿಎಸ್‌ಐ ಆಸುಪಾಸು ಗಾಳಿ ಸಾಕು. ಡಾಂಬರಿನ ಅಭ್ಯಾಸದಲ್ಲಿ ಕಲ್ಲಿನಂತೆ ತುಂಬಿಸಿಕೊಂಡು ಬಂದವರೇ ಸಡಿಲ ಗರಸಿನ ಇಳಿಜಾರಿನಲ್ಲಿ ಬೀಳುವುದು. ಇಳಿಯುವಾಗ ಮುಂದಿನ ಬ್ರೇಕನ್ನು ಒಮ್ಮೆಲೇ ಒತ್ತಬೇಡಿ. ಪೆಟ್ಟಾದರೆ 108 ಎರಡೂ ರಾಜ್ಯಗಳಲ್ಲಿ ನಡೆಯುತ್ತದೆ, ಗಡಿಯ ಹತ್ತಿರ ಕರೆ ಯಾವ ಕಡೆ ಹೋಗುತ್ತದೋ ಹೇಳಲಾಗದು, ಆದ್ದರಿಂದ ಊರು, ತಾಲೂಕು, ರಾಜ್ಯ ಮೂರನ್ನೂ ಹೇಳಿ.

ಹಳ್ಳಿಯ ಹುಡುಗರು ನಿಮ್ಮ ಹಿಂದೆ ಗೇರಿಲ್ಲದ ಸೈಕಲ್ಲಿನಲ್ಲಿ ಬಂದು, ಏರಿನಲ್ಲಿ ನಿಮ್ಮನ್ನು ದಾಟಿದರೆ ಆಶ್ಚರ್ಯ ಬೇಡ. ಇದು ಜಾತ್ರೆಗಳಲ್ಲಿ ಸೈಕಲ್ ರೇಸ್ ಇಡುವ ಸೀಮೆ. ಪಕ್ಕದ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಹಳ್ಳಿಗಳಿಂದ ಬಂದು, ಕ್ರೀಡಾ ವಸತಿನಿಲಯಗಳಲ್ಲಿ ತಯಾರಾದ ಹುಡುಗ ಹುಡುಗಿಯರು ರಾಷ್ಟ್ರಮಟ್ಟದ ರೇಸುಗಳಲ್ಲಿ ಪದಕ ತಂದಿದ್ದಾರೆ. ನಿಮ್ಮ ಸೈಕಲ್ಲನ್ನು ಒಂದು ಸುತ್ತು ಕೇಳಿದರೆ ಕೊಡಿ. ಸೀಟು ಇಳಿಸಿ ಕೊಡಿ.

ಮುಂದಿನ ಸವಾರಿ ಡಿಸೆಂಬರ್ ಎರಡನೆಯ ರವಿವಾರ, ಬೆಳಿಗ್ಗೆ 6:30ಕ್ಕೆ ಹನುಮಂತ ದೇವರ ಗುಡಿಯ ಮುಂದಿನಿಂದ. ಹದಿನೆಂಟರೊಳಗಿನವರಿಗೆ ಮನೆಯ ಹಿರಿಯರ ಸಹಿ ಬೇಕು. ಹೆಲ್ಮೆಟ್ ಇಲ್ಲದವರನ್ನು ಕರೆದೊಯ್ಯುವುದಿಲ್ಲ. ತಿರುಗಿ ಬಂದ ಮೇಲೆ ಸಜ್ಜಿ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಮಜ್ಜಿಗೆ. ನಾಲ್ಕು ದಿನ ಮೊದಲು ಹೆಸರು ಕೊಟ್ಟರೆ ರೊಟ್ಟಿಯ ಲೆಕ್ಕಕ್ಕೆ ಅನುಕೂಲ.

ಕಾರ್ಯದರ್ಶಿ